ಎರಡೂ ಮೂರೂ ಸೇರಿದರೆ ಕಂಬಳಿಹುಳ

ರಾತ್ರಿ ಒಂಬತ್ತೂವರೆಗೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೆಸೇಜ್ ಬಿತ್ತು. ‘ಡಿಯರ್ ಪೇರೆಂಟ್ಸ್, ನಾಳೆ ಯುಕೆಜಿ ಮಕ್ಕಳಿಗೆ ಮ್ಯಾತ್ಸ್ ಆಕ್ಟಿವಿಟಿ. ವಿಷಯ: ಅಡಿಷನ್ ಮತ್ತು ಪ್ಯಾಟರ್ನ್. ಎರಡು ಕೆಂಪು, ಮೂರು ಹಳದಿ ಪೊಂಪೊಂ ಉಂಡೆ ಅಂಟಿಸಿದ ಒಂದು ಚಿಕ್ಕ ಕಂಬಳಿಹುಳ, ಕೆಂಪು ಹಳದಿ ಕೆಂಪು ಹಳದಿ ಎಂದು ಬರುವ ಒಂದು ಉದ್ದನೆಯ ಕಂಬಳಿಹುಳ ತರತಕ್ಕದ್ದು. ಗೂಗ್ಲಿ ಕಣ್ಣು ಕಡ್ಡಾಯ. ಮಗು ಸ್ವತಃ ಮಾಡಿರಬೇಕು.’ ಸ್ವತಃ ಮಾಡಬೇಕಾದ ಮಗು ಬಾಯಿ ತೆರೆದುಕೊಂಡು ನಿದ್ದೆಹೋಗಿ ಆಗಲೇ ಮುಕ್ಕಾಲು ಗಂಟೆಯಾಗಿತ್ತು.

“ರೀ, ಅಂಗಡಿ ಹತ್ತಕ್ಕೆ ಮುಚ್ತಾರೆ,” ಎಂದಳು ಹೆಂಡತಿ. ನಾನು ಹತ್ತೊಂಬತ್ತು ವರ್ಷದಿಂದ ಬ್ಯಾಂಕಿನಲ್ಲಿ ಕೂತು ಬೇರೆಯವರ ದುಡ್ಡನ್ನು ಕೂಡಿ ಕಳೆದು ಹೊಟ್ಟೆ ಹೊರೆಯುತ್ತಿರುವವನು. ಎರಡಕ್ಕೆ ಮೂರು ಕೂಡಿಸಲು ಸ್ಕೂಟರ್ ತೆಗೆಯಬೇಕಾಗಿ ಬಂದದ್ದು ಅದೇ ಮೊದಲು.

ಸ್ಟೇಷನರಿ ಅಂಗಡಿಯ ಮುಂದೆ ಆರು ಜನ ಅಪ್ಪಂದಿರು ಆಗಲೇ ನಿಂತಿದ್ದರು. ಬರ್ಮುಡಾ, ಹವಾಯಿ ಚಪ್ಪಲಿ, ಕೈಯಲ್ಲಿ ಫೋನು, ಫೋನಿನಲ್ಲಿ ಅದೇ ಮೆಸೇಜ್. ಅಂಗಡಿಯವನು ನನ್ನ ಮುಖ ನೋಡಿದವನೇ, “ಯುಕೆಜಿನಾ ಸಾರ್? ಕಂಬಳಿಹುಳ ಸೆಟ್ ಮಾಡಿಟ್ಟಿದೀನಿ, ನೂರಾ ಎಂಬತ್ತು,” ಎಂದು ಕವರೊಂದನ್ನು ಮುಂದೆ ತಳ್ಳಿದ. ಮೆಸೇಜ್ ಬಂದು ಹದಿನೈದು ನಿಮಿಷವೂ ಆಗಿಲ್ಲ, ನಿನಗೆ ಹೇಗಪ್ಪಾ ಗೊತ್ತಾಯಿತು ಎಂದರೆ, “ಹೋದ ವರ್ಷ ಈ ವಾರ ಕಂಬಳಿಹುಳಾನೇ ಇತ್ತಲ್ಲ ಸಾರ್. ಮುಂದಿನ ವಾರ ಕಪ್ಪೆ. ಅದಾದ್ಮೇಲೆ ಐಸ್‌ಕ್ರೀಮ್ ಕಡ್ಡೀದು ಮನೆ. ಬೇಕಾದ್ರೆ ಈಗ್ಲೇ ತಗೊಂಡ್ಹೋಗಿ, ಆಮೇಲೆ ಶಾರ್ಟೇಜ್ ಆಗುತ್ತೆ.” ಹಿಂದಿನದನ್ನು ಗಮನಿಸಿ ಮುಂದಿನದನ್ನು ಹೇಳುವುದೇ ಪ್ಯಾಟರ್ನ್ ಕಲಿಕೆ ಎಂದಾದರೆ, ನಮ್ಮ ಬಡಾವಣೆಯಲ್ಲಿ ಆ ಪಾಠ ಮೈಗೂಡಿದ್ದು ಆತನೊಬ್ಬನಿಗೇ. ಮಿಸ್ಸುಗಳಿಗೂ ಇಲ್ಲ, ನಮಗಂತೂ ಇಲ್ಲವೇ ಇಲ್ಲ.

ಮನೆಗೆ ಬಂದು ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ನಾನೂ ಹೆಂಡತಿಯೂ ಕೂತೆವು. ಚಿಕ್ಕ ಹುಳ ಸಲೀಸಾಗಿ ಮುಗಿಯಿತು. ಉದ್ದನೆಯದರಲ್ಲಿ ಕೆಂಪು, ಹಳದಿ, ಕೆಂಪು, ಹಳದಿ ಎಂದು ಅಂಟಿಸುತ್ತಾ ಹೋಗಿ ಹತ್ತನೆಯ ಉಂಡೆಗೆ ಬಂದಾಗ ಹಳದಿ ಮುಗಿದಿತ್ತು. ಎಲ್ಲಿ ಹೋಯಿತು ಎಂದು ಹುಡುಕಿದರೆ ಹೆಂಡತಿಯ ಮಂಡಿಗೆ ಅಂಟಿಕೊಂಡಿತ್ತು. ಕಿತ್ತಾಗ ನೂಲು ನೂಲಾಗಿ ಬಂತು. ಗಂಟೆ ಹನ್ನೊಂದೂಮುಕ್ಕಾಲು. ಹಸಿರು ಉಂಡೆಯೊಂದನ್ನು ಒತ್ತಿ, ಮೇಲೆ ಎರಡು ಗೂಗ್ಲಿ ಕಣ್ಣಿಟ್ಟು ಮಲಗಿದೆವು. ಬೆಳಿಗ್ಗೆ ಶಾಲೆಗೆ ಹೋದ ಹುಳ ಸಂಜೆ ಬೆನ್ನ ಮೇಲೆ ಸ್ಟಾರ್ ಹೊತ್ತು ಬಂತು. ಪಕ್ಕದಲ್ಲಿ ‘ವೆರಿ ಕ್ರಿಯೇಟಿವ್’ ಎಂಬ ಷರಾ. ಪ್ಯಾಟರ್ನ್ ಪಾಠದಲ್ಲಿ ಪ್ಯಾಟರ್ನ್ ತಪ್ಪಿಸಿದ್ದಕ್ಕೆ ಬಹುಮಾನ! ಎದುರು ಮನೆಯ ಸಾಫ್ಟ್‌ವೇರ್ ಅಪ್ಪ ಮಾಡಿದ ಕಂಬಳಿಹುಳಕ್ಕೆ ಹೊಟ್ಟೆಯೊಳಗೆ ದೀಪ ಹತ್ತುತ್ತಿತ್ತಂತೆ. ಅದಕ್ಕೆ ಎರಡು ಸ್ಟಾರ್.

ನೂರಾ ಎಂಬತ್ತು ರೂಪಾಯಿಗೆ ಏನು ಬಂತು ನೋಡೋಣ ಎಂದು ಸಂಜೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡೆ.

“ಪುಟ್ಟೀ, ಎರಡೂ ಮೂರೂ ಸೇರಿದ್ರೆ ಏನು?”

“ಕಂಬಳಿಹುಳ.”

“ಅಲ್ಲ ಕಣೇ, ಎರಡು ಕೆಂಪು ಉಂಡೆ, ಮೂರು ಹಳದಿ ಉಂಡೆ. ಎಲ್ಲಾ ಸೇರಿಸಿದ್ರೆ ಎಷ್ಟಾಯ್ತು?”

ಅವಳು ಚಿಕ್ಕ ಹುಳವನ್ನು ತಿರುಗಿಸಿ ಮುರುಗಿಸಿ ನೋಡಿ, “ಒಂದು,” ಎಂದಳು.

“ಒಂದಾ?”

“ಒಂದೇ ಹುಳ ಅಲ್ವಾ ಅಪ್ಪಾ ಇರೋದು?”

ನಾನು ಬಾಯಿ ಮುಚ್ಚಿಕೊಂಡೆ. ಅವಳ ಮಾತಿನಲ್ಲಿ ತಪ್ಪು ಹುಡುಕಲು ಈವರೆಗೂ ನನಗೆ ಆಗಿಲ್ಲ. ಐದು ಉಂಡೆಯನ್ನು ಗೋಂದು ಹಾಕಿ ಒಂದು ಮಾಡಿದ ಮೇಲೆ ಐದು ಎಲ್ಲಿ ಉಳಿಯುತ್ತದೆ? ಕೂಡುವ ಲೆಕ್ಕ ಕಲಿಯಲು ಸೇರಿಸಿದ್ದನ್ನು ಬಿಡಿಸಲೂ ಬರಬೇಕು, ಬಿಡಿಸಿ ಮತ್ತೆ ಎಣಿಸಲೂ ಬರಬೇಕು. ಗೋಂದು ಅದಕ್ಕೆ ಕಲ್ಲು ಹಾಕುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಗೋಂದಿನ ಒಳ್ಳೆಯತನ. ಅದು ಯಾವ ತಪ್ಪನ್ನೂ ಬೈಯುವುದಿಲ್ಲ. ಹಸಿರು ಉಂಡೆಯನ್ನೂ ಹಳದಿಯಷ್ಟೇ ಪ್ರೀತಿಯಿಂದ ಹಿಡಿದುಕೊಳ್ಳುತ್ತದೆ.

ಈ ಕೈಗೆಲಸದ ಗಣಿತವನ್ನು ಕಂಡುಹಿಡಿದವರು ಗೋಂದು ಮಾರುವವರಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಲ್ಲಿ ಮಕ್ಕಳ ಆಟದ ಶಾಲೆ ತೆಗೆದ. ಆಮೇಲೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಅವನೇ ಹೆಸರಿಟ್ಟ. ಇವತ್ತಿನ ಎಲ್‌ಕೆಜಿ, ಯುಕೆಜಿಗಳ ‘ಕೆಜಿ’ ಅದೇ. ಎಷ್ಟು ಕಿಲೋ ಫೀಸು ಎಂಬುದರ ಅಳತೆಯಲ್ಲ. ಮಕ್ಕಳ ಕೈಗೆ ಅವನು ಉಣ್ಣೆ ಚೆಂಡು ಕೊಟ್ಟ, ಎಂಟು ತುಂಡಾಗಿ ಬಿಚ್ಚಿಕೊಂಡು ಮತ್ತೆ ಒಂದಾಗುವ ಮರದ ಘನ ಕೊಟ್ಟ, ಒಂದು ಪಟ್ಟಿ ಮೇಲೆ, ಒಂದು ಪಟ್ಟಿ ಕೆಳಗೆ ಎಂದು ಕಾಗದದ ಚಾಪೆ ಹೆಣೆಯಲು ಹೇಳಿಕೊಟ್ಟ. ಆ ಘನದ ತುಂಡುಗಳನ್ನು ಅವನು ಅಂಟಿಸಲಿಲ್ಲ ನೋಡಿ. ಎಂಟು ಒಂದಾಗಬೇಕು, ಒಂದು ಎಂಟಾಗಬೇಕು, ನಾಲ್ಕೂ ನಾಲ್ಕೂ ಆಗಬೇಕು. ಕಾಗದದ ಚಾಪೆಯಲ್ಲಿ ಒಂದು ಪಟ್ಟಿ ತಪ್ಪಿದರೆ ಮುಂದಿನ ಸಾಲು ತಾನೇ ಚಾಡಿ ಹೇಳುತ್ತದೆ. ಮಿಸ್ಸು ಬೇಡ, ಸ್ಟಾರ್ ಬೇಡ.

1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಶಾಲೆ ಶುರುಮಾಡಿದ ಮಾರಿಯಾ ಮಾಂಟೆಸ್ಸೊರಿ ಹತ್ತು ಮಣಿಯನ್ನು ಒಂದೇ ತಂತಿಗೆ ಪೋಣಿಸಿದವರು. ಆಕೆ 1939ರಲ್ಲಿ ಮದರಾಸಿಗೆ ಬಂದು, ಯುದ್ಧ ಶುರುವಾಗಿ ಇಲ್ಲೇ ಸಿಕ್ಕಿಕೊಂಡು, ಭಾರತದಲ್ಲಿ ನೂರಾರು ಶಿಕ್ಷಕರಿಗೆ ಪಾಠ ಹೇಳಿದರು. ಇವತ್ತು ನಮ್ಮೂರಿನಲ್ಲಿ ತಿರುವಿಗೊಂದು ಮಾಂಟೆಸ್ಸೊರಿ ಬೋರ್ಡು. ಬೋರ್ಡಿನ ಮೇಲೆ ಮಿಕ್ಕಿ ಮೌಸ್ ಇದೆ, ಒಳಗೆ ಮಣಿ ಇಲ್ಲ. ಇನ್ನು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮಂಡಿಸಿದ ನಯೀ ತಾಲೀಮ್ ಶಿಕ್ಷಣ ಪದ್ಧತಿಯಲ್ಲಿ ತಕಲಿಯ ಮೇಲೆ ನೂತ ನೂಲಿನ ಸುತ್ತು ಎಣಿಸುವುದೇ ಲೆಕ್ಕದ ಪಾಠ. ಅದನ್ನು ಈಗ ಮಾಡಿಸಿದರೆ ತಂದೆತಾಯಿಗಳು ಬಾಲಕಾರ್ಮಿಕ ಕಾಯ್ದೆ ಹಿಡಿದು ಬರುತ್ತಾರೆ. ರಾತ್ರಿ ಹನ್ನೆರಡರ ತನಕ ಉಂಡೆ ಅಂಟಿಸುವ ಅಪ್ಪ ಅಮ್ಮಂದಿರಿಗೆ ಮಾತ್ರ ಯಾವ ಕಾಯ್ದೆಯ ರಕ್ಷಣೆಯೂ ಇಲ್ಲ.

ಕೈಯಲ್ಲಿ ಮಾಡಿದ್ದೆಲ್ಲ ತಲೆಗೆ ಹೋಗುತ್ತದೆ ಎಂಬ ನಂಬಿಕೆಯನ್ನು ಡೆಬೊರಾ ಬಾಲ್ ಎಂಬ ಅಮೆರಿಕದ ಗಣಿತ ಶಿಕ್ಷಣ ತಜ್ಞೆ 1992ರಲ್ಲೇ ಒಂದು ಲೇಖನ ಬರೆದು ಪ್ರಶ್ನಿಸಿದ್ದರು. ಬೆರಳಿಗೆ ತಗುಲಿದ್ದು ತೋಳು ಹತ್ತಿ ಮಿದುಳಿಗೆ ಏರುತ್ತದೆಯೇ ಎಂಬ ಧಾಟಿಯ ಬರಹ ಅದು. ಮೂವತ್ತು ವರ್ಷ ಕಳೆದರೂ ನಮ್ಮ ಬಡಾವಣೆಗೆ ಆ ಸುದ್ದಿ ಮುಟ್ಟಿಲ್ಲ. ನನ್ನ ಬೆರಳಿಗೆ ತಗುಲಿದ ಗೋಂದಂತೂ ಮೊಣಕೈ ತನಕ ಏರಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಹಾಗಂತ ಕೈಗೆಲಸವೇ ಸುಳ್ಳು ಎಂದು ತೀರ್ಪು ಕೊಟ್ಟು ಕೂರುವ ಹಾಗಿಲ್ಲ. ನನ್ನ ಗೆಳೆಯನೊಬ್ಬ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಮೇಷ್ಟ್ರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ ಅದು. ಆಮೇಲೆ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಾರ್ಡು, ಕಲಿಕಾ ಏಣಿ, ಗುಂಪಿಗೊಂದು ತಟ್ಟೆ, ತಲೆಯ ಮೇಲೆ ಮಕ್ಕಳು ಮಾಡಿದ್ದನ್ನು ನೇತುಹಾಕಲು ದಾರದ ಚಪ್ಪರ. ಒಂದು ಸಲ ಅವನ ತರಗತಿಯಲ್ಲಿ ಕೂತಿದ್ದೆ. ತೆಂಗಿನ ಪೊರಕೆಯ ಕಡ್ಡಿಯನ್ನು ಬೆರಳುದ್ದಕ್ಕೆ ಕತ್ತರಿಸಿ ಒಂದು ಡಬ್ಬಿ, ಹಳೇ ಸೈಕಲ್ ಟ್ಯೂಬನ್ನು ಉಂಗುರ ಉಂಗುರವಾಗಿ ಕತ್ತರಿಸಿ ಇನ್ನೊಂದು ಡಬ್ಬಿ ಇಟ್ಟಿದ್ದ. ಹತ್ತು ಕಡ್ಡಿಗೆ ಒಂದು ಉಂಗುರ ಹಾಕಿದರೆ ಒಂದು ಕಟ್ಟು. ಎರಡನೇ ತರಗತಿಯ ಹುಡುಗಿಯೊಬ್ಬಳಿಗೆ ಇಪ್ಪತ್ತೇಳಕ್ಕೆ ಹದಿನೈದು ಕೂಡು ಎಂದ. ಅವಳು ಎರಡು ಕಟ್ಟು ಏಳು ಬಿಡಿ ಒಂದು ಕಡೆ, ಒಂದು ಕಟ್ಟು ಐದು ಬಿಡಿ ಇನ್ನೊಂದು ಕಡೆ ಇಟ್ಟಳು. ಬಿಡಿಗಳನ್ನೆಲ್ಲ ಗುಡ್ಡೆ ಹಾಕಿ ಎಣಿಸಿದಳು: ಹನ್ನೆರಡು. ನಾಲಗೆ ಕಚ್ಚಿಕೊಂಡು ಹತ್ತನ್ನು ಆಯ್ದು, ಟ್ಯೂಬಿನ ಉಂಗುರ ಎಳೆದು ಪಟ್ಟಂತ ಹಾಕಿದಳು. ನಾಲ್ಕು ಕಟ್ಟು, ಎರಡು ಬಿಡಿ.

ನಾವೆಲ್ಲ ಚಿಕ್ಕಂದಿನಲ್ಲಿ ‘ಎರಡು ಬರೆದು ದಶಕ ಒಂದು’ ಎಂದು ಮಂತ್ರ ಹೇಳಿದವರು. ಆ ಒಂದು ಎಲ್ಲಿಂದ ಬಂತು, ಮೇಲೆ ಯಾಕೆ ಹೋಗಿ ಕೂತುಕೊಂಡಿತು ಎಂದು ಕೇಳಿದವನಿಗೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಬ್ಯಾಂಕಿನಲ್ಲಿ ಹತ್ತೊಂಬತ್ತು ವರ್ಷ ಕಳೆದ ಮೇಲೆ ನನಗೆ ಆ ‘ಒಂದು’ ಕಣ್ಣಿಗೆ ಬಿದ್ದದ್ದು ಆ ಸೈಕಲ್ ಟ್ಯೂಬಿನ ಉಂಗುರದೊಳಗೆ. ಬೇಕೆಂದಾಗ ಬಿಚ್ಚಲೂ ಬರುತ್ತದೆ. ಕಳೆಯುವ ಲೆಕ್ಕದಲ್ಲಿ ಸಾಲ ತರುವುದು ಅಂದರೆ ಅದೇ.

ಖರ್ಚು? ಒಂದು ಪೊರಕೆ, ಒಂದು ಪಂಚರ್ ಟ್ಯೂಬು. ಹಾಗಾಗಿ ಅದಕ್ಕೆ ಮರ್ಯಾದೆ ಇಲ್ಲ. ನೋಡಲು ಬಂದ ಮೇಲಿನವರೊಬ್ಬರು, “ಕಡ್ಡಿ ಫೋಟೋದಲ್ಲಿ ಕಾಣಲ್ಲ ಮೇಷ್ಟ್ರೇ, ಏನಾದ್ರೂ ಕಲರ್‌ಫುಲ್ಲಾಗಿ ಮಾಡಿಸಿ,” ಎಂದರಂತೆ. ಟಿಎಲ್‌ಎಂ, ಅಂದರೆ ಕಲಿಕಾ ಸಾಮಗ್ರಿಗಳ ಮೇಳಕ್ಕೆ ಅವನು ಎರಡು ರಾತ್ರಿ ಕೂತು ಥರ್ಮೋಕೋಲಿನಲ್ಲಿ ‘ಕೂಡುವ ರೈಲು’ ಮಾಡಿದ. ಪ್ರತಿ ಬೋಗಿಯ ಮೇಲೆ ಬಣ್ಣದ ಅಂಕಿ, ಚಕ್ರಕ್ಕೆ ಮಿನುಗು. ರೈಲಿಗೆ ಬಹುಮಾನ ಬಂತು. ಈಗ ಅದು ಹೆಡ್‌ಮೇಷ್ಟ್ರ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿದೆ, ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಚೀಟಿ. ಕೈಯಿಂದ ಕಲಿಯುವ ಸಾಮಗ್ರಿಗೆ ಕೈ ಹಚ್ಚಬಾರದು! ಇಲಾಖೆಯಿಂದ ಬಂದ ಗಣಿತದ ಕಿಟ್ ಬೀರುವಿನಲ್ಲಿದೆ. ಸ್ಟಾಕ್ ರಿಜಿಸ್ಟರಿನಲ್ಲಿ ಮಣಿ ಎಷ್ಟು, ಚೌಕ ಎಷ್ಟು ಎಂದು ಬರೆದಿರುವುದರಿಂದ ಒಂದು ಮಣಿ ಕಳೆದರೂ ಉತ್ತರ ಕೊಡಬೇಕು. ಹಾಗಾಗಿ ವರ್ಷಕ್ಕೊಂದು ಸಲ ಬೀರು ತೆಗೆದು, ಮಣಿಗಳನ್ನು ಎಣಿಸಿ, ಮತ್ತೆ ಬೀಗ ಹಾಕುತ್ತಾರೆ. ಎಣಿಕೆ ನಡೆಯುತ್ತಿಲ್ಲ ಎಂದು ಯಾರೂ ದೂರುವ ಹಾಗಿಲ್ಲ.

2020ರ ಶಿಕ್ಷಣ ನೀತಿ ಬಂತು, 2021ರಲ್ಲಿ ಚಿಕ್ಕ ಮಕ್ಕಳ ಓದು, ಲೆಕ್ಕಕ್ಕೆಂದು ನಿಪುಣ್ ಭಾರತ್ ಯೋಜನೆ ಬಂತು, 2023ರಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆಂದು ಜಾದೂಯಿ ಪಿಟಾರಾ ಎಂಬ ಆಟಿಕೆಗಳ ಪೆಟ್ಟಿಗೆಯೂ ಬಂತು. ಪೆಟ್ಟಿಗೆ ಒಳ್ಳೆಯದೇ ಇರಬಹುದು. ಆದರೆ ನಮ್ಮಲ್ಲಿ ಪೆಟ್ಟಿಗೆ ಒಳ್ಳೆಯದಾದಷ್ಟೂ ಬೀಗ ದೊಡ್ಡದಾಗುತ್ತದೆ.

ಇಷ್ಟು ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿನ ಸಂಸ್ಕೃತಿ ಮಾಮ ಎದ್ದು ನಿಲ್ಲುತ್ತಾರೆ. “ಇವೆಲ್ಲ ಫಾರಿನ್ನಿನವರು ನಮ್ಮಿಂದ ಕದ್ದದ್ದು ಕಣ್ರೀ. ರಂಗೋಲೀಲಿ ಇಲ್ಲದ ಗಣಿತ ಯಾವ್ದಿದೆ? ನಾಸಾದವರೇ ಬೆರಗಾಗಿದಾರೆ.” ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’, ಹನ್ನೆರಡನೇ ಶತಮಾನದಲ್ಲೇ ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯ, ಎಲ್ಲರೂ ಅವರ ನಾಲಗೆಯ ಮೇಲೆ. ಪುಸ್ತಕ ಮಾತ್ರ ನನ್ನಂತೆಯೇ ಅವರೂ ತೆರೆದಿಲ್ಲ.

ಮಾಮನ ಹೆಮ್ಮೆಯನ್ನು ಬದಿಗಿಟ್ಟರೆ, ರಂಗೋಲಿಯ ವಿಷಯದಲ್ಲಿ ಅವರು ಹೇಳುವುದು ಪೂರ್ತಿ ಗಾಳಿಮಾತಲ್ಲ. ನನ್ನ ಅತ್ತೆ ಊರಿನಿಂದ ಬಂದಾಗ ನೆಲಕ್ಕೆ ನೀರು ಚಿಮುಕಿಸಿ ಚುಕ್ಕಿ ಇಡುವುದನ್ನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದ್ದೇನೆ. ನಡುವೆ ಏಳು ಚುಕ್ಕಿಯ ಸಾಲು. ಅದರ ಮೇಲೂ ಕೆಳಗೂ ಐದು, ಮೂರು, ಒಂದು. ಒಟ್ಟು 25. ಅದೇ ಏಳನ್ನು ಸಂದಿನಲ್ಲಿ ಬರುವ ಹಾಗೆ ಆರು, ಐದು, ನಾಲ್ಕು ಎಂದು ಇಟ್ಟರೆ 37, ಆಕಾರ ಆರು ಮೂಲೆಯದು. ಒಂದು ಚುಕ್ಕಿ ತಪ್ಪಿದರೆ ಸುತ್ತಿ ಬರುವ ಎಳೆ ಮನೆಗೆ ವಾಪಸ್ ಬರುವುದಿಲ್ಲ, ದಾರಿಯಲ್ಲೇ ನಿಂತುಬಿಡುತ್ತದೆ. ಅತ್ತೆ ಅಂಗೈಯಿಂದ ಒರೆಸಿ ಮತ್ತೆ ಶುರು. ಧಾರವಾಡದ ಕಡೆಯ ಕಸೂತಿಯಲ್ಲೂ ಇದೇ ಕಥೆ. ಬಟ್ಟೆಯ ಮೇಲೆ ಗೀಟಿಲ್ಲ, ಅಚ್ಚಿಲ್ಲ. ಎಳೆ ಎಣಿಸಿ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಹೋದ ಸೂಜಿ ಅದೇ ದಾರಿಯಲ್ಲಿ ಹಿಂದಿರುಗಿ ಬಿಟ್ಟ ಸಂದುಗಳನ್ನು ತುಂಬಬೇಕು. ಹೋಗುವಾಗ ಒಂದೆಳೆ ತಪ್ಪಿದ್ದರೆ ಬರುವಾಗ ಗೊತ್ತಾಗುತ್ತದೆ, ಬಿಚ್ಚಬೇಕಾಗುತ್ತದೆ. ಉಡುಪಿ ಶಂಕರಪುರದ ಮಲ್ಲಿಗೆಯವರು ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಿಡಿಯುತ್ತಾರೆ. ಅಲ್ಲಿ ಎಣಿಕೆ ತಪ್ಪಿದರೆ ಸ್ಟಾರ್ ಸಿಗುವುದಿಲ್ಲ, ಬೈಗುಳ ಸಿಗುತ್ತದೆ.

ಹಾಗಿದ್ದರೆ ಮಗಳಿಗೆ ಅದನ್ನೇ ಕಲಿಸಿ ಎನ್ನುತ್ತೀರಿ. ಎಲ್ಲಿ ಕಲಿಸುವುದು? ನಮ್ಮ ಬಾಗಿಲ ಮುಂದೆ ಇರುವುದು ಸ್ಟಿಕ್ಕರ್ ರಂಗೋಲಿ. 25 ಚುಕ್ಕಿಯನ್ನೂ ಕಾರ್ಖಾನೆಯವರೇ ಎಣಿಸಿ ಕೊಟ್ಟಿದ್ದಾರೆ. ಸಂಸ್ಕೃತಿ ಮಾಮನ ಬಾಗಿಲ ಮುಂದೆ ಇರುವುದೂ ಅದೇ, ಆದರೆ ದೊಡ್ಡ ಸೈಜು. ಅದನ್ನು ಅಂಟಿಸಲು ಗೋಂದೂ ಬೇಡ, ಹಿಂದೆಯೇ ಅಂಟು ಬಂದಿರುತ್ತದೆ.

ಇನ್ನು ಮಕ್ಕಳ ಸಂತೆ. ಇದು ನನಗೆ ಬಹಳ ಇಷ್ಟವಾಗಿದ್ದ ಕಾರ್ಯಕ್ರಮ. ಮಕ್ಕಳೇ ತರಕಾರಿ ತಂದು, ತೂಗಿ, ಮಾರಿ, ಚಿಲ್ಲರೆ ಕೊಟ್ಟು ಲೆಕ್ಕ ಕಲಿಯುವ ಸಂತೆ. ಹೋದ ಸಲ ನಮ್ಮಕ್ಕನ ಮಗನ ಶಾಲೆಯ ಸಂತೆಗೆ ಹೋಗಿದ್ದೆ. ನಾಲ್ಕನೇ ಕ್ಲಾಸಿನ ಹುಡುಗ ಪಂಚೆ ಉಟ್ಟು, ಟವೆಲ್ಲು ಸುತ್ತಿ, ಮೀಸೆ ಬರೆಸಿಕೊಂಡು ಮೆಂತ್ಯದ ಸೊಪ್ಪಿನ ಮುಂದೆ ಕೂತಿದ್ದ. ಹಿಂದೆ ಅಕ್ಕ. ಸೊಪ್ಪಿನ ಪಕ್ಕದಲ್ಲಿ ಅಕ್ಕನದೇ ಕ್ಯೂಆರ್ ಕೋಡ್, ಜೊತೆಗೆ ಪಕ್ಕದ ಬೇಕರಿಯವರನ್ನು ನೋಡಿ ಕಲಿತು ತರಿಸಿದ ಮಾತಾಡುವ ಡಬ್ಬಿ.

“ನಾಲ್ಕು ಕಟ್ಟು ಕೊಡಪ್ಪಾ. ಕಟ್ಟಿಗೆ ಹದಿನೈದು ಅಂದ್ರೆ ಎಷ್ಟಾಯ್ತು?” ಎಂದೆ.

ಅವನು ಅಕ್ಕನನ್ನು ನೋಡಿದ. ಅಕ್ಕ ಫೋನು ನೋಡಿದಳು. ನಾನು ಸ್ಕ್ಯಾನ್ ಮಾಡಿದೆ. ಡಬ್ಬಿ ಇಡೀ ಮೈದಾನಕ್ಕೆ ಕೇಳುವ ಹಾಗೆ ಅರವತ್ತು ರೂಪಾಯಿ ಬಂತು ಎಂದು ಸಾರಿತು.

“ನೂರರ ನೋಟು ಕೊಟ್ಟಿದ್ರೆ ಚಿಲ್ಲರೆ ಎಷ್ಟು ಕೊಡ್ತಿದ್ದೆ?”

“ಅದನ್ನೆಲ್ಲ ಯಾರು ತರ್ತಾರೆ ಮಾಮಾ,” ಎಂದ ಹುಡುಗ, ನನ್ನ ಬಗ್ಗೆ ನಿಜವಾದ ಮರುಕದಿಂದ. ಆ ದಿನದ ಸಂತೆಯಲ್ಲಿ ತಪ್ಪಿಲ್ಲದೆ ಲೆಕ್ಕ ಮಾಡಿದ್ದು ಡಬ್ಬಿ ಒಂದೇ. ಮೀಸೆಗೆ ಮೊದಲ ಬಹುಮಾನ ಬಂತು.

ಕಂಬಳಿಹುಳದ ಮುಂದಿನ ವಾರ, ಅಂಗಡಿಯವನು ಹೇಳಿದ್ದ ಹಾಗೆಯೇ, ಕಪ್ಪೆ ಬಂತು. ‘ವಿಷಯ: ಸಬ್‌ಟ್ರಾಕ್ಷನ್. ಕೊಳದಲ್ಲಿ ಐದು ಕಪ್ಪೆ. ಎರಡು ಹಾರಿಹೋದರೆ ಉಳಿದದ್ದೆಷ್ಟು? ಮಾಡೆಲ್ ತರತಕ್ಕದ್ದು. ಮಗು ಸ್ವತಃ ಮಾಡಿರಬೇಕು.’ ಈ ಸಲ ನಾನು ಬುದ್ಧಿವಂತ. ಸೆಟ್ ಮೊದಲೇ ತಂದಿಟ್ಟಿದ್ದೆ. ನೀಲಿ ಮಿನುಗು ಹಾಳೆಯ ಕೊಳ, ಹಸಿರು ಫೋಮಿನ ಐದು ಕಪ್ಪೆ. ಆದರೆ ಗೋಂದಿನ ಬಾಟಲಿಯ ಮೂತಿ ಒಣಗಿ ಕಲ್ಲಾಗಿತ್ತು. ಸೂಜಿ ಚುಚ್ಚಿದೆ, ಬಿಸಿನೀರಿಗೆ ಹಿಡಿದೆ, ಕಡೆಗೆ ಸುಮ್ಮನೆ ಕಪ್ಪೆಗಳನ್ನು ಕೊಳದ ಮೇಲೆ ಸಾಲಾಗಿ ಕೂರಿಸಿ ಮಲಗಿಬಿಟ್ಟೆ.

ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದ ಮಗಳು ಕೊಳ ನೋಡಿದಳು. “ಏನಪ್ಪಾ ಇದು?” ಐದು ಕಪ್ಪೆ ಇವೆ, ಎರಡು ಹಾರಿಹೋಗಬೇಕು ಅಂತೆ ಎಂದೆ. ಅವಳು ಬ್ರಷ್ಷನ್ನು ಬಾಯಲ್ಲೇ ಬಿಟ್ಟು ಎರಡು ಕಪ್ಪೆಯನ್ನು ಎತ್ತಿಕೊಂಡು ಬಾಲ್ಕನಿಗೆ ಹೋಗಿ ಒಂದಾದ ಮೇಲೊಂದು ಹಾರಿಸಿದಳು. ಮೂರನೇ ಮಹಡಿಯಿಂದ ಅವು ಚೆನ್ನಾಗಿಯೇ ಹಾರಿದವು. ವಾಪಸ್ ಬಂದು ಕೊಳದ ಮೇಲೆ ಬೆರಳಿಟ್ಟು, “ಮೂರು,” ಎಂದು ಬಾಯಿ ತೊಳೆಯಲು ಹೋದಳು. ನಾನು ಕೊಳವನ್ನೂ ಮೂರು ಕಪ್ಪೆಯನ್ನೂ ಒಂದು ಡಬ್ಬಿಗೆ ಹಾಕಿ ಕಳಿಸಿದೆ.

ಸಂಜೆ ಡಬ್ಬಿ ಹಾಗೆಯೇ ವಾಪಸ್ ಬಂತು. ಡೈರಿಯಲ್ಲಿ ಕೆಂಪು ಇಂಕಿನ ಷರಾ: ‘ಮಾಡೆಲ್ ಇನ್‌ಕಂಪ್ಲೀಟ್. ಎರಡು ಕಪ್ಪೆ ಇಲ್ಲ. ನಾಳೆ ತಪ್ಪದೆ ಕಳಿಸಿ.’

ಕೆಳಗಿಳಿದು ಪೊದೆಯಲ್ಲಿ ಹುಡುಕಿದೆ, ಸಿಗಲಿಲ್ಲ. ಅಂಗಡಿಗೆ ಹೋದೆ. “ಬಿಡಿ ಕಪ್ಪೆ ಬರಲ್ಲ ಸಾರ್, ಐದರ ಪ್ಯಾಕೆಟ್ಟೇ. ನಲವತ್ತು ರೂಪಾಯಿ. ಗೋಂದು ಬೇಕಲ್ವಾ?” ಎಂದು ಅವನೇ ಬಾಟಲಿ ಇಟ್ಟ.

ಮನೆಗೆ ತಂದ ಪ್ಯಾಕೆಟ್ಟನ್ನು ಮಗಳು ಹರಿದು, ಹಳೇ ಮೂರರ ಪಕ್ಕದಲ್ಲಿ ಹೊಸ ಐದನ್ನು ಊಟದ ಮೇಜಿನ ಮೇಲೆ ಜೋಡಿಸಿದಳು. ಒಂದೊಂದನ್ನೂ ತಲೆ ಮುಟ್ಟಿ ಎಣಿಸಿದಳು.

“ಎಂಟು ಅಪ್ಪಾ.”

“ಎಂಟು ಬೇಡ ಕಣೇ, ಮಿಸ್ಸು ಐದೇ ಕೇಳಿರೋದು,” ಎಂದಳು ಹೆಂಡತಿ, ಹೊಸ ಗೋಂದಿನ ಮುಚ್ಚಳ ತಿರುಗಿಸುತ್ತಾ.

ಮಗಳು ಕಪ್ಪೆಗಳನ್ನೇ ಒಂದು ಕ್ಷಣ ನೋಡಿ, ಮೂರನ್ನು ಅಂಗೈಯಲ್ಲಿ ಹಿಡಿದುಕೊಂಡು ಬಾಲ್ಕನಿಯ ಕಡೆ ಓಡಿದಳು.